ಸಮತಟ್ಟಿನಲ್ಲಿ ಜೀಪು ನಿಲ್ಲಿಸುತ್ತಿದ್ದವರು

ದುಃಖವು ಮನುಷ್ಯನನ್ನು ಪರಿಪಕ್ವಗೊಳಿಸುತ್ತದೆ, ಲೋಕದ ನಿಜಸ್ವರೂಪವನ್ನು ಅವನ ಕಣ್ಣೆದುರು ತೆರೆದಿಡುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನಾನು ಕಂಡಂತೆ, ನಮ್ಮ ಆಲೂರು, ಸಕಲೇಶಪುರದ ಕಡೆ ಮನೆಯಲ್ಲಿ ಸಾವಾದರೆ ಗಂಡಸಿಗೆ ಕಾಣುವುದು ಲೋಕದ ನಿಜಸ್ವರೂಪವಲ್ಲ, ಶಾಮಿಯಾನದವನ ಮನೆಯ ದಾರಿ. ಹೆಂಗಸರು ಒಳಗೆ ಕೂತು ಅಳುತ್ತಾರೆ. ಗಂಡಸು ಹೊರಗೆ ನಿಂತು ಪಾತ್ರೆ ಬಾಡಿಗೆಯವನನ್ನು ಬೈಯುತ್ತಾನೆ. ಹನ್ನೊಂದನೇ ದಿನದ ತಿಥಿ ಊಟ ಮುಗಿದು ಕೊನೆಯ ನೆಂಟ ಬಸ್ಸು ಹತ್ತುವಾಗ, "ಏನೇ ಅನ್ನು, ಆಳು ಬಲು ಗಟ್ಟಿ ಕಣಯ್ಯಾ, ಒಂದು ಹನಿ ಕಣ್ಣೀರು ಹಾಕ್ಲಿಲ್ಲ" ಎಂಬ ಪ್ರಶಸ್ತಿಪತ್ರ ಅವನಿಗೆ ಸಿಗುತ್ತದೆ. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಬರುವುದಿಲ್ಲ ಎಂಬುದೊಂದೇ ಕೊರತೆ.

ಈ ಪ್ರಶಸ್ತಿಪತ್ರದಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲದ ಒಬ್ಬರನ್ನು ನಾನು ಬಲ್ಲೆ. ಕಳೆದ ವರ್ಷ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಹಾನುಬಾಳಿನ ಕಡೆಯವರಿಗೆ ಹೆಸರಿಲ್ಲದೆಯೂ ಗೊತ್ತಾಗುತ್ತದೆ, ಮಿಕ್ಕವರಿಗೆ ಹೆಸರಿದ್ದೂ ಉಪಯೋಗವಿಲ್ಲ.

ಅವರು ಹಾನುಬಾಳಿನ ಹತ್ತಿರದ ಒಂದು ಕಾಫಿ ಎಸ್ಟೇಟಿನ ಮ್ಯಾನೇಜರು. ಮಂಗಳೂರು ಕಡೆಯ ಕ್ರೈಸ್ತರು. ಮೀಸೆ ಚಿಗುರುವ ವಯಸ್ಸಿನಲ್ಲಿ ಕೆಲಸಕ್ಕೆಂದು ಘಟ್ಟ ಹತ್ತಿದವರು ಮತ್ತೆ ಇಳಿದಿರಲಿಲ್ಲ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕರಾವಳಿಯ ಕನ್ನಡ, ಕೂಲಿ ಲೈನಿನ ಮನೆಗಳ ಆಳುಗಳೊಡನೆ ಮೂರು ನಾಲ್ಕು ಭಾಷೆ ಕೂಡಿಸಿದ ಒಂದು ಪಲ್ಯ. ಉದ್ದನೆಯ ದೇಹ, ಖಾಕಿ ಚಡ್ಡಿ, ಜಿಗಣೆಗೆ ಹೆದರಿ ಮೊಣಕಾಲಿನವರೆಗೆ ಎಳೆದ ಕಾಲುಚೀಲ. ಈ ವೇಷದಲ್ಲಿ ಅವರನ್ನು ಮೊದಲ ಸಲ ನೋಡಿದವರು ಫುಟ್‌ಬಾಲ್ ಆಡಲು ಹೊರಟ ಪಾದ್ರಿಯೋ ಎಂದುಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ನಡುವೆ ನಾನು ಹಾನುಬಾಳಿನ ಪಶು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ನಮ್ಮ ಪರಿಚಯಕ್ಕೆ ಕಾರಣ ಅವರ ನಾಯಿ. ಬಂಗಲೆಯಲ್ಲಿ ಜೋಡಿ ನಾಯಿಗಳಿದ್ದವು. ಒಂದನ್ನು ಚಿರತೆ ಹೊತ್ತುಕೊಂಡು ಹೋಯಿತು. ಉಳಿದದ್ದು ಅನ್ನ ಬಿಟ್ಟಿತು. ಅದನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಮಲಗಿಸಿದರು.

"ಇದಕ್ಕೆ ಎಂತ ಸೀಕು ಡಾಕ್ಟ್ರೇ?"

ಹೊಟ್ಟೆ ಒತ್ತಿ ನೋಡಿದೆ, ನಾಲಿಗೆ ನೋಡಿದೆ. "ಸೀಕು ಏನಿಲ್ಲ ಸಾರ್. ಬೇಜಾರು."

"ಬೇಜಾರಿಗೆ ಎಂತ ಮದ್ದು ಉಂಟು?"

ಸರ್ಕಾರಿ ಸರಬರಾಜಿನಲ್ಲಿ ಅಂಥದ್ದೇನೂ ಇರಲಿಲ್ಲ. ಹೊರಗೆ ಜಂತುಹುಳದ ಔಷಧಿಗೆ ಎಮ್ಮೆಗಳು ಕಾಯುತ್ತಿದ್ದವು. ಇವರನ್ನು ಸಾಗಹಾಕಲು, "ಒಂಟಿ ಬಿಡ್ಬೇಡಿ. ಜೀಪಲ್ಲಿ ಕೂರಿಸ್ಕೊಂಡು ಸುತ್ತಾಡ್ಸಿ" ಎಂದೆ. ಅವರು ಬಹಳ ಗಂಭೀರವಾಗಿ ತಲೆಯಾಡಿಸಿ ಹೋದರು. ಅಂದಿನಿಂದ ಆ ನಾಯಿ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಎಸ್ಟೇಟಿನ ಆಡಳಿತವನ್ನು ಜಂಟಿಯಾಗಿ ನಡೆಸತೊಡಗಿತು. ಅನ್ನವನ್ನೂ ತಿಂದಿತು.

ಅವರ ಬಗ್ಗೆ ಊರಲ್ಲಿ ಒಂದು ದೂರಿತ್ತು. ಮನುಷ್ಯ ಸಾವಿಗೆ ಬರುವುದಿಲ್ಲ. ನಮ್ಮ ಕಡೆ ಮದುವೆ ತಪ್ಪಿಸಿದರೆ ಕ್ಷಮೆಯುಂಟು, ಸಾವು ತಪ್ಪಿಸಿದರೆ ಇಲ್ಲ. ಯಾರು ಬಂದಿದ್ದರು, ಯಾರು ಬರಲಿಲ್ಲ ಎಂಬುದು ಸತ್ತವನೊಬ್ಬನಿಗೆ ಬಿಟ್ಟು ಉಳಿದೆಲ್ಲರಿಗೂ ಬಾಯಿಪಾಠವಾಗಿರುತ್ತದೆ. ಒಮ್ಮೆ ನಾನೇ ಕೇಳಿದೆ.

"ಸಾವಿನ ಮನೆಯಲ್ಲಿ ಜೀಪ್ ನಿಲ್ಲಿಸ್ಲಿಕ್ಕೆ ಜಾಗ ಇರುವುದಿಲ್ಲ ಮಾರಾಯ್ರೇ" ಎಂದರು.

ಇದನ್ನು ನಾನು ಕುಚೋದ್ಯವೆಂದುಕೊಂಡೆ. ಅದು ಅವರ ಕಾರ್ಯವಿಧಾನದ ಮುಖ್ಯ ಅಂಶವಾಗಿತ್ತು.

ಇಲ್ಲಿ ನಮ್ಮ ಸೀಮೆಯ ಒಂದು ಆಚಾರವನ್ನು ವಿವರಿಸಬೇಕು. ಜೀಪು ಇಟ್ಟುಕೊಂಡವನು ಅದನ್ನು ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿ ನಿಲ್ಲಿಸಬೇಕು. ಚಕ್ರಕ್ಕೆ ಒಂದು ಕಲ್ಲು ಕೊಡಬೇಕು. ಬೆಳಿಗ್ಗೆ ಬ್ಯಾಟರಿ ಮುಷ್ಕರ ಹೂಡಿದರೆ ಕಲ್ಲು ತೆಗೆದು, ಉರುಳಲು ಬಿಟ್ಟು, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರಾಯಿತು, ಗಾಡಿ ಕೆಮ್ಮಿ ಎದ್ದೇಳುತ್ತದೆ. ನಮ್ಮವರು ಹೆಣ್ಣು ನೋಡಲು ಹೋದಾಗಲೂ ಮೊದಲು ಜೀಪಿಗೆ ಇಳಿಜಾರು ನೋಡುತ್ತಾರೆ, ಹುಡುಗಿಯನ್ನು ಆಮೇಲೆ. ಸಮತಟ್ಟು ಜಾಗದಲ್ಲಿ ಜೀಪು ನಿಲ್ಲಿಸಿದವನನ್ನು ಬಯಲುಸೀಮೆಯವನೆಂದೋ, ಕುಡಿದಿದ್ದಾನೆಂದೋ ತೀರ್ಮಾನಿಸುವುದು ವಾಡಿಕೆ. ನಮ್ಮ ಮ್ಯಾನೇಜರು ಬಯಲುಸೀಮೆಯವರಲ್ಲ, ಕುಡಿದೂ ಇರುತ್ತಿರಲಿಲ್ಲ. ಆದರೂ ಕೆಲವೊಂದು ದಿನ, ಕೆಲವೊಂದು ಮನೆಗಳ ಮುಂದೆ, ಹುಡುಕಿ ಹುಡುಕಿ ಸಮತಟ್ಟಿನಲ್ಲೇ ಜೀಪು ನಿಲ್ಲಿಸುತ್ತಿದ್ದರು.

ನನ್ನ ಮನೆಯ ಮುಂದೆ ನಿಲ್ಲಿಸಿದ ದಿನದ ಕತೆ ಹೇಳುತ್ತೇನೆ.

ಮಗ್ಗೆಯಲ್ಲಿ ನನ್ನ ಅಣ್ಣ ತೀರಿಕೊಂಡ. ಗದ್ದೆಯಿಂದ ಬಂದು ಜಗಲಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ನನ್ನನ್ನು ಓದಿಸಿ ಡಾಕ್ಟರು ಮಾಡಿದವನು ಅವನು. ಅಣ್ಣ ಸತ್ತರೆ ಊರವರ ಸಂತಾಪಕ್ಕೆ ಒಂದು ಸರದಿಯಿದೆ. ಮೊದಲು ಅತ್ತಿಗೆ, ಆಮೇಲೆ ಮಕ್ಕಳು, ಆಮೇಲೆ ತಾಯಿ. ತಮ್ಮನ ಪಾಳಿ ಬರುವ ಹೊತ್ತಿಗೆ ಸಂತಾಪವೆಲ್ಲ ಖರ್ಚಾಗಿ, "ಊಟಕ್ಕೆ ಎಷ್ಟು ಜನ ಆಗ್ಬೌದು ಡಾಕ್ಟ್ರೇ?" ಎಂಬ ಪ್ರಶ್ನೆಯೊಂದು ಉಳಿದಿರುತ್ತದೆ. ತಿಥಿ ಮುಗಿಯುವವರೆಗೂ ನಾನು ಅದಕ್ಕೆ ಉತ್ತರ ಕೊಟ್ಟೆ. ಅಡಿಗೆಯವನು, ಶಾಮಿಯಾನ, ಎಲೆ, ನೀರು, ಪುರೋಹಿತರ ಬಸ್ಸು, ಎಲ್ಲವೂ ಸುಸೂತ್ರ. ಗಟ್ಟಿ ಆಳು ಎಂಬ ಪ್ರಶಸ್ತಿಪತ್ರವೂ ಬಂತು. ಹೆಂಡತಿ ಮಕ್ಕಳನ್ನು ಅತ್ತಿಗೆಯ ಜೊತೆ ಬಿಟ್ಟು ಹಾನುಬಾಳಿಗೆ ಒಬ್ಬನೇ ವಾಪಸು ಬಂದೆ.

ಹನ್ನೆರಡನೇ ದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆದು ಕುರ್ಚಿಯಲ್ಲಿ ಕೂತೆ. ಕಂಪೌಂಡರು ಬಂದು, "ಸಾರ್, ಕೆಚ್ಚಲು ಬಾವಿನ ಹಸು ಬಂದೈತೆ" ಎಂದ. ಹೂಂ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು ಅದನ್ನೇ ಹೇಳಿದ. ಮತ್ತೆ ಹೂಂ ಎಂದೆ. ಏಳಬೇಕೆಂದು ಕಾಲಿಗೆ ಹೇಳಿದರೆ ಕಾಲು ಕೇಳಲಿಲ್ಲ. ಹೀಗೇ ಕೂತುಬಿಡುತ್ತೇನೇನೋ ಎಂದು ನಿಜವಾಗಿ ಹೆದರಿಕೆಯಾಯಿತು.

ಆಗ ಆಸ್ಪತ್ರೆಯ ಅಂಗಳಕ್ಕೆ ಜೀಪು ಬಂದು ನಿಂತಿತು. ಹಾನುಬಾಳಿನಲ್ಲಿ ಸಮತಟ್ಟಾದ ಜಾಗ ಎಂದಿದ್ದರೆ ಅದು ಆ ಅಂಗಳ ಮಾತ್ರ.

"ಡಾಕ್ಟ್ರು ಉಂಟಾ? ಬನ್ನಿ ಮಾರಾಯ್ರೇ, ಸ್ವಲ್ಪ ತಳ್ಳಿ. ಬಂದ್ ಆಗಿ ಹೋಯ್ತು."

ನನಗೆ ಸಿಟ್ಟು ಬಂತು. ಅಣ್ಣನ ಸಾವಿಗೆ ಬರಲಿಲ್ಲ, ತಿಥಿಗೆ ಬರಲಿಲ್ಲ, ಈಗ ಜೀಪು ತಳ್ಳಲು ಕರೆಯುತ್ತಿದ್ದಾರೆ! ಸಿಟ್ಟಿನ ಭರದಲ್ಲಿ ಕುರ್ಚಿಯಿಂದ ಎದ್ದೇಬಿಟ್ಟೆ.

"ಇಲ್ಯಾಕ್ರೀ ನಿಲ್ಸಿದ್ರಿ? ಆಚೆ ಅಷ್ಟು ಚೆನ್ನಾಗಿರೋ ಇಳಿಜಾರು ಐತಲ್ಲ!"

"ಎಂತ ಮಾಡುವುದು, ಗಮನ ಇಲ್ಲ."

ಕಂಪೌಂಡರನ್ನು ಕರೆದೆ. "ಅವರು ಬೇಡ, ನೀವೊಬ್ಬರೇ ಸಾಕು. ಗಟ್ಟಿ ಆಳು ಅಂತ ಕೇಳಿದ್ದೇನೆ" ಎಂದು ಸ್ಟೀರಿಂಗ್ ಹಿಡಿದು ಕೂತರು. ನಾಯಿ ಅಂದು ಹಿಂದಿನ ಸೀಟಿಗೆ ವರ್ಗವಾಗಿತ್ತು. ನಾನು ಏದುಸಿರು ಬಿಡುತ್ತ ತಳ್ಳುವುದನ್ನು ಅದು ಮೇಲಧಿಕಾರಿಯ ಮುಖ ಮಾಡಿಕೊಂಡು ನೋಡಿತು. ಗೇಟು ದಾಟಿ ಇಳಿಜಾರು ಸಿಕ್ಕ ಮೇಲೆ ಜೀಪು ಗುಡುಗಿತು.

"ಹತ್ತಿ!"

"ಎಲ್ಲಿಗೆ?"

"ಎಲ್ಲಿಗಾದ್ರೂ. ನಿಲ್ಲಿಸಿದ್ರೆ ಪುನಃ ತಳ್ಳಬೇಕಾಗ್ತದೆ."

ಹತ್ತಿದೆ. ಡೀಸೆಲ್ ಜೀಪಿನೊಳಗೆ ಮಾತಾಡುವುದೆಂದರೆ ಹೊಳೆಯ ಆಚೆ ದಡದವನನ್ನು ಕರೆದಂತೆ. ಒಂದೆರಡು ತಿರುವು ಕಳೆದ ಮೇಲೆ ಅವರು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೂಗಿದರು: "ಅಣ್ಣನಿಗೆ ಸಿಟ್ಟು ಬಂದ್ರೆ ಎಂತ ಮಾಡ್ತಿದ್ರು?"

"ಏನು?"

"ಸಿಟ್ಟು! ಸಿಟ್ಟು ಬಂದ್ರೆ!"

ಅಷ್ಟು ದಿನ ಜನ ನನ್ನನ್ನು ಕೇಳಿದ್ದು ಅಣ್ಣ ಹೇಗೆ ಸತ್ತ ಎಂದು. ಎಷ್ಟು ಹೊತ್ತಿಗೆ, ಯಾವ ಮಗ್ಗುಲಿಗೆ, ಬಾಯಿಗೆ ನೀರು ಬಿಟ್ಟವರು ಯಾರು.

"ಸೌದೆ ಒಡೀತಿದ್ದ!" ಎಂದು ನಾನೂ ಕೂಗಿದೆ.

ಅಣ್ಣನಿಗೆ ಬೈಯಲು ಬರುತ್ತಿರಲಿಲ್ಲ. ಸಿಟ್ಟು ಬಂದರೆ ಕೊಡಲಿ ಹಿಡಿದು ಹಿತ್ತಲಿಗೆ ನಡೆಯುತ್ತಿದ್ದ. ನಾನು ಕಾಲೇಜಿನ ಮೊದಲ ವರ್ಷ ಡುಮ್ಕಿ ಹೊಡೆದಾಗ ಒಡೆದ ಸೌದೆ ಎರಡು ಮಳೆಗಾಲಕ್ಕೆ ಬಂತು. ಭಾವಮೈದುನ ಮುದಿ ಎತ್ತನ್ನು ಎಳೆಯದೆಂದು ನಂಬಿಸಿ ದಾಟಿಸಿದ ವರ್ಷ ಅತ್ತಿಗೆ ಅಕ್ಕಪಕ್ಕದ ಮನೆಗೂ ಸೌದೆ ಹಂಚಿದಳು. ಇದನ್ನೆಲ್ಲ ನಾನು ಕೂಗಿ ಹೇಳಿದೆ, ಅವರು ಸ್ಟೀರಿಂಗ್ ಬಡಿದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಅವರು, "ಆ ಸೌದೆ ಈಗಲೂ ಉಂಟಾ?" ಎಂದರು.

"ಇಲ್ಲ. ತಿಥಿ ದಿನ ಅಡಿಗೆಯವನು ಸೌದೆ ಸಾಲಲ್ಲ ಅಂದ. ಹಿತ್ತಲಲ್ಲಿ ಒಟ್ಟಿದೆ, ಎಲ್ಲಾ ತಗೋ ಅಂದೆ. ನಾನೇ ಅಂದೆ..."

ಅಣ್ಣನ ಅಷ್ಟು ವರ್ಷದ ಸಿಟ್ಟು ಒಂದೇ ಬೆಳಗಿನಲ್ಲಿ ಉರಿದು ಊರವರಿಗೆಲ್ಲ ಅನ್ನವಾಗಿತ್ತು. ಬೂದಿಯನ್ನು ಬಾಳೆಯ ಬುಡಕ್ಕೆ ಹಾಕಿಸಿದ್ದೂ ನಾನೇ. ವಯಸ್ಸು ನಲವತ್ತು ದಾಟಿದ ಗೆಜೆಟೆಡ್ ಅಧಿಕಾರಿಯೊಬ್ಬ ಹಾಡಹಗಲು, ಬಾಯಿ ತೆರೆದು, ಸದ್ದು ಮಾಡಿ ಅತ್ತ.

ಅವರು ಬೆನ್ನು ತಟ್ಟಲಿಲ್ಲ. ಸಮಾಧಾನ ಮಾಡ್ಕೊಳ್ಳಿ ಎನ್ನಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗೇರು ಇಳಿಸಿ ಜೀಪನ್ನು ನಿಧಾನ ಮಾಡಿದರು.

"ಅಳಿ ಡಾಕ್ಟ್ರೇ. ನಾನು ಇಂಜಿನ್ ಬಂದ್ ಆಗ್ಲಿಕ್ಕೆ ಬಿಡುವುದಿಲ್ಲ."

ಆಮೇಲೆ ನಾನು ಯೋಚಿಸಿದ್ದುಂಟು. ಇಬ್ಬರು ಗಂಡಸರು ಎದುರುಬದುರು ಕೂತು ದುಃಖ ಹೇಳಿಕೊಳ್ಳುವುದು ನಮ್ಮ ಕಡೆ ಆಗುವ ಕೆಲಸವಲ್ಲ. ಒಬ್ಬನ ಕಣ್ಣು ಒದ್ದೆಯಾದರೆ ಇನ್ನೊಬ್ಬ ಹವಾಮಾನದ ಮಾತು ತೆಗೆಯುತ್ತಾನೆ. ಜೀಪಿನಲ್ಲಿ ಇಬ್ಬರೂ ರಸ್ತೆ ನೋಡುತ್ತಿರಬೇಕು. ಸದ್ದಿನಲ್ಲಿ ಅತ್ತರೂ ಆಚೆಯವರಿಗೆ ಕೇಳುವುದಿಲ್ಲ. ಇಳಿದು ಓಡಿಹೋಗೋಣವೆಂದರೆ ಗಾಡಿ ನಿಲ್ಲುವುದಿಲ್ಲ. ಇದಕ್ಕಿಂತ ಅನುಕೂಲವಾದ ಜಾಗ ನನಗಿನ್ನೂ ಕಂಡಿಲ್ಲ.

ಮುಖ ಒರೆಸಿಕೊಳ್ಳಲು ಅವರು ಕೊಟ್ಟದ್ದು ಇಂಜಿನ್ನಿನ ಆಯಿಲ್ ಕಡ್ಡಿ ಒರೆಸುವ ಬಟ್ಟೆ. ಕಪ್ಪು ಮುಖ ಹೊತ್ತು ಆಸ್ಪತ್ರೆಗೆ ವಾಪಸು ಬಂದಾಗ ಕಂಪೌಂಡರು ಬೆರಗಾಗಿ, "ಏನ್ ಸಾರ್, ಇಂಜಿನ್ ಇಳಿಸಿದ್ರಾ?" ಎಂದ. ಹೂಂ ಎಂದು ಹೇಳಿ, ಕೈ ತೊಳೆದು, ಕೆಚ್ಚಲು ಬಾವಿನ ಹಸುವಿನ ಹತ್ತಿರ ಹೋದೆ. ಅದು ಇನ್ನೂ ಕಾಯುತ್ತಿತ್ತು. ನಾಯಿಗೆ ನಾನು ಹೇಳಿದ ಚಿಕಿತ್ಸೆಯನ್ನೇ ನನಗೆ ಮಾಡಿ ಹೋಗಿದ್ದಾರೆ ಎಂದು ಹೊಳೆದದ್ದು ಆ ಸಂಜೆ.

ಇದು ನನ್ನೊಬ್ಬನ ಭಾಗ್ಯವೆಂದುಕೊಂಡಿದ್ದೆ. ಹೆತ್ತೂರಿನ ಗೌಡರು ಆ ಭ್ರಮೆ ಕಳೆದರು. ಗೌಡರೆಂದರೆ ದೊಡ್ಡ ಕಾಫಿ ಬೆಳೆಗಾರರು, ದೊಡ್ಡ ಮೀಸೆ, ದೊಡ್ಡ ಗಂಟಲು. ಅವರ ತಾಯಿ ತುಂಬು ವಯಸ್ಸಿನಲ್ಲಿ ಹೋದರು. ಬಂದವರೆಲ್ಲ, "ಮೊಮ್ಮಕ್ಕಳ ಮಕ್ಕಳನ್ನ ಕಂಡೋದ ಜೀವ, ಇನ್ನೇನ್ ಬೇಕಿತ್ತು ಗೌಡ್ರೇ, ಅಳೋ ಸಾವಲ್ಲ ಇದು" ಎಂದು ಅಪ್ಪಣೆ ಕೊಟ್ಟು ಹೋದರು. ಗೌಡರು ಅಪ್ಪಣೆ ಪಾಲಿಸಿದರು. ಅರವತ್ತರ ಗಂಡಸಿಗೆ ಅವ್ವ ಬೇಕಾಗಿರಬಹುದು ಎಂದು ಯಾರಿಗೂ ತೋಚಲಿಲ್ಲ.

ಹನ್ನೆರಡನೇ ದಿನ ಮ್ಯಾನೇಜರು ಅಲ್ಲಿಗೆ ಹೋದರು. ಗೌಡರ ಮನೆ ಇರುವುದು ಗುಡ್ಡದ ಹೆಗಲ ಮೇಲೆ. ಸಮತಟ್ಟು ಎಂದರೆ ಕಾಫಿ ಒಣಗಿಸುವ ಕಣ ಒಂದೇ. ಇವರು ಜೀಪನ್ನು ಆ ಕಣದ ನಡುವೆ ನಿಲ್ಲಿಸಿ ಬಂದ್ ಮಾಡಿಬಿಟ್ಟರು. ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಗೌಡರೇ ನನಗೆ ಹೇಳಿದ್ದು: "ಯಾವನ್ಲಾ ಅದು ಕಣಕ್ಕೆ ಜೀಪ್ ಹತ್ಸಿದ್ದು ಅಂತ ಬಂದೆ ಕಣ್ರೀ. ಎರಡು ಬಿಡೋವಷ್ಟು ಸಿಟ್ಟು. ನೋಡಿದ್ರೆ ಈ ಮನುಷ್ಯ! 'ತಳ್ಳಿ ಗೌಡ್ರೇ' ಅಂತಾರೆ. ಆಳು ಕರೀತೀನಿ ಅಂದ್ರೆ ಬ್ಯಾಡ ಅಂತಾರೆ. ತಳ್ದೆ. ಹತ್ಸ್ಕೊಂಡೋಗ್ಬುಟ್ರು."

"ಸಿಟ್ಟಿನ ವಿಷಯ ಕೇಳಿದ್ರಾ?"

ಗೌಡರು ಬೆಚ್ಚಿ ನನ್ನ ಮುಖ ನೋಡಿದರು. "ನಿಮ್ಗೂ ಕೇಳಿದ್ರಾ?"

ಗೌಡರ ಅವ್ವ ಸಿಟ್ಟು ಬಂದರೆ ಮಗನ ತಟ್ಟೆಗೆ ಎರಡು ಮುದ್ದೆ ಹೆಚ್ಚಿಗೆ ಹಾಕಿ, ತಿಂದು ಮುಗಿಸುವವರೆಗೂ ಎದುರು ನಿಲ್ಲುತ್ತಿದ್ದರಂತೆ. ಅದನ್ನು ಹೇಳುವಾಗ ಗೌಡರ ಮೀಸೆ ನಡುಗಿತು. ನಾನು ಹವಾಮಾನದ ಮಾತು ತೆಗೆಯಲಿಲ್ಲ.

ಆ ಜೀಪಿನ ರೋಗ ಏನೆಂದು ಸಕಲೇಶಪುರದ ಮೆಕ್ಯಾನಿಕ್ಕನ್ನು ಗೌಡರು ವಿಚಾರಿಸಿಯೂ ವಿಚಾರಿಸಿದರು. "ರೋಗಾನಾ? ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತದೆ ಗೌಡ್ರೇ. ಯಾವಾಗ್ಲಾದ್ರೂ ಬ್ಯಾಟ್ರಿ ವೈರು ಲೂಸಾಗಿರ್ತದೆ, ಅಷ್ಟೆ. ಯಾರೋ ಕೈಯಾರೆ ಬಿಚ್ದಂಗೆ" ಎಂದನಂತೆ. ಈ ಸಂಶೋಧನೆಯನ್ನು ನಾವಿಬ್ಬರೂ ಹೊರಗೆ ಬಿಡಲಿಲ್ಲ. ಇನ್ನೂ ಎಷ್ಟೋ ಮನೆಗಳಲ್ಲಿ ಜೀಪು ತಳ್ಳುವುದು ಬಾಕಿಯಿತ್ತು.

ಹೀಗೆ ಮೂವರು ಒಂದಾದೆವು. ಭಾನುವಾರ ಮ್ಯಾನೇಜರು ಸಕಲೇಶಪುರದ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವ ಹೊತ್ತಿಗೆ ನಾವಿಬ್ಬರೂ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತಿರುತ್ತಿದ್ದೆವು. ಕಾಫಿ ಬೆಳೆದು ದೇಶಾಂತರ ಕಳಿಸುವ ಇಬ್ಬರು ಅಲ್ಲಿನ ಚಿಕೋರಿ ನೀರನ್ನು ಮೂರನೆಯವನ ಸಮ್ಮುಖದಲ್ಲಿ ಚಪ್ಪರಿಸಿ ಕುಡಿಯುತ್ತಿದ್ದರು. ಎಷ್ಟೋ ವಾರ ಮಾತೇ ಇರುತ್ತಿರಲಿಲ್ಲ. ಕೆಲವು ವಾರ ಗೌಡರು ಲೋಟ ಕೆಳಗಿಟ್ಟು, "ಇವತ್ತು ನಂಗೆ ಸರಿ ಇಲ್ಲ ಕಣ್ರೀ" ಎಂದು ಪಂಚಾಯಿತಿಯ ಠರಾವಿನಂತೆ ಘೋಷಿಸುತ್ತಿದ್ದರು. ಯಾಕೆ ಎಂದು ನಾವು ಕೇಳುತ್ತಿರಲಿಲ್ಲ. ಇನ್ನೊಂದು ಪ್ಲೇಟ್ ಬೋಂಡ ಹೇಳಿ, ಅವರನ್ನು ಬಸ್ಸು ಹತ್ತಲು ಬಿಡದೆ ಸಂಜೆಯವರೆಗೂ ಜೊತೆಗಿರುತ್ತಿದ್ದೆವು. ನನ್ನ ರಕ್ತದೊತ್ತಡ, ಮೇಲಧಿಕಾರಿಯೊಬ್ಬ ನನಗೆ ಮಾಡಿದ ಅವಮಾನ, ಗೌಡರಿಗೂ ಅವರ ತಮ್ಮನಿಗೂ ಮಾತು ಬಿಟ್ಟದ್ದು, ಎಲ್ಲವೂ ಆ ಮೇಜಿನ ಮೇಲೆ ಬಂದವು. ಮ್ಯಾನೇಜರು ಕೇಳಿಸಿಕೊಳ್ಳುತ್ತಿದ್ದರು. ಅವರದೇನಾದರೂ ಬಂದದ್ದು ನನಗೆ ನೆನಪಿಲ್ಲ. ಊರ ನಾಡಿ ನೋಡುವವರಿಗೆ ಜ್ವರ ಬರುವುದಿಲ್ಲ ಎಂದು ನಾವು ತಿಳಿದಿದ್ದೆವು.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿರಬೇಕು, ಅವರ ಹೆಂಡತಿಗೆ ಕಾಯಿಲೆಯಾಯಿತು. ಕ್ರಿಸ್‌ಮಸ್ಸಿಗೆ ನಮ್ಮ ಮನೆಗಳಿಗೆ ಕುಸ್ವಾರಿನ ತಿಂಡಿ ತಟ್ಟೆ ಕಳಿಸುತ್ತಿದ್ದ, ಮೆಲುದನಿಯ ಹೆಂಗಸು. ಮಂಗಳೂರಿನಲ್ಲಿ ಮಗಳ ಮನೆಯಿತ್ತು, ಅಲ್ಲಿನ ಆಸ್ಪತ್ರೆಗೆ ಸೇರಿಸಿದರು. ಉಳಿಯಲಿಲ್ಲ. ಇಲ್ಲಿಗೇ ತಂದು ಮಣ್ಣು ಮಾಡಿದರು. ಮ್ಯಾನೇಜರು ಸ್ಮಶಾನದ ಗೇಟಿನ ಹತ್ತಿರ ನೆಟ್ಟಗೆ ನಿಂತು ಬಂದವರ ಕೈ ಕುಲುಕಿ, "ದೂರದಿಂದ ಬಂದಿದ್ದೀರಿ, ಉಪಕಾರ ಆಯ್ತು" ಎನ್ನುತ್ತಿದ್ದರು. ಒಂದು ಹನಿ ಕಣ್ಣೀರಿಲ್ಲ. ಗಟ್ಟಿ ಮನುಷ್ಯ ಎಂದು ಜನ ಮಾತಾಡಿಕೊಂಡರು.

ಈಗ ನಮ್ಮ ಪಾಳಿ ಎಂಬುದು ಗೌಡರಿಗೂ ನನಗೂ ಗೊತ್ತಿತ್ತು. ಯಾವ ದಿನ ಹೋಗಬೇಕು ಎಂಬುದೊಂದೇ ಗೊತ್ತಿರಲಿಲ್ಲ. ಇದನ್ನು ನಿರ್ಧರಿಸಲು ಹೋಟೆಲಿನಲ್ಲಿ ಇಬ್ಬರ ಸಮಿತಿ ಸೇರಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಸಾಕ್ಷಿಯಾಗಿ ಕರೆಸಿದೆವು. ಅವನೂ ಅವರದೇ ಇಗರ್ಜಿಯವನು. ಏಳನೇ ದಿನ ಪ್ರಾರ್ಥನೆ, ತಿಂಗಳಿಗೆ ಪೂಜೆ, ಅಲ್ಲಿಗೆ ಮುಗಿಯುತ್ತದೆ ಎಂದು ಅವನು ಹೇಳಿದ.

ಗೌಡರು ತೀರ್ಪು ಕೊಟ್ಟರು. "ನೋಡಿ ಡಾಕ್ಟ್ರೇ, ಕರ್ಮ ಮುಗಿಯೋಕ್ಮುಂಚೆ ಅವ್ರು ಯಾರ ಮನೇಗಾದ್ರೂ ಕಾಲಿಟ್ಟವ್ರಾ? ಇಲ್ಲ. ನಮ್ದು ಹನ್ನೊಂದಕ್ಕೆ ಮುಗೀತೈತೆ, ಹನ್ನೆರಡಕ್ಕೆ ಬತ್ತಾರೆ. ಅವ್ರದ್ದು ತಿಂಗ್ಳಿಗೆ ಮುಗೀತೈತೆ. ನಾವು ಅದ್ರ ಮಾರ್ನೇ ದಿನ ಹೋಗ್ಬೇಕು. ಅವ್ರ ಪದ್ಧತೀನ ನಾವು ಕೆಡಿಸ್ಬಾರ್ದು."

"ಅಲ್ಲೀವರ್ಗೂ?"

"ಅಲ್ಲೀಗಂಟ ಅವ್ರ ಜನ ಇರ್ತಾರೆ ಬುಡಿ."

ನಿಯಮವೆಂದರೆ ನನಗೆ ಮೊದಲಿನಿಂದಲೂ ಗೌರವ. ಸರ್ಕಾರಿ ನೌಕರಿಯ ಫಲ. ಒಪ್ಪಿದೆ.

ಅವರ ಜನ ಏಳನೇ ದಿನಕ್ಕೇ ಘಟ್ಟ ಇಳಿದಿದ್ದರು. ರೈಟರು ಆಗಾಗ ಸುದ್ದಿ ತರುತ್ತಿದ್ದ. ಸಾಹೇಬರು ತೋಟಕ್ಕೆ ಇಳಿಯುತ್ತಿಲ್ಲ. ಊಟದ ತಟ್ಟೆ ಹೋದ ಹಾಗೇ ವಾಪಸು ಬರುತ್ತಿದೆ. ಹೊರಗೆ ಕೂತವರು ಕೂತೇ ಇರುತ್ತಾರೆ. ಪ್ರತಿ ಸಲವೂ ನನಗೆ ಎದ್ದು ಓಡಬೇಕೆನಿಸುತ್ತಿತ್ತು. ಪ್ರತಿ ಸಲವೂ ಗೌಡರು, ತಮ್ಮ ಮುಖವೇ ಬಾಡಿದ್ದರೂ, "ತಿಂಗ್ಳು" ಎನ್ನುತ್ತಿದ್ದರು. ಕೊನೆಗೆ ಪೂಜೆಯ ದಿನ ಸಂಜೆ ರೈಟರು ಬಂದು ನಿಂತ.

"ಮಗಳು ಬಂದಿದ್ದಾರೆ ಸಾರ್. ಕರ್ಕೊಂಡು ಹೋಗ್ತಾರಂತೆ, ಕಾಯಂ ಆಗಿ. ನಾಳೆ ಬೆಳಿಗ್ಗೆ ಕಾರು ಬರ್ತದೆ. ಸಾಹೇಬರು ಕೆಲಸಾನೂ ಬಿಡ್ತಾರಂತೆ."

"ಅವರೇನಂದ್ರು?"

"ಸರಿ ಅಂದ್ರು. ಹೋಗುವ ಪಪ್ಪಾ ಅಂದ್ರೆ ಸರಿ. ಯಾವ ಸೂಟ್‌ಕೇಸು ಪಪ್ಪಾ ಅಂದ್ರೆ ಅದಕ್ಕೂ ಸರಿ."

ಸೂಜಿ ಚುಚ್ಚಿದಾಗ ಒದೆಯುವ ದನದ ಬಗ್ಗೆ ನನಗೆ ಯಾವತ್ತೂ ಭಯವಿಲ್ಲ. ಚುಚ್ಚಿದರೂ ಸುಮ್ಮನೆ ನಿಲ್ಲುವ ದನ ಕಂಡರೆ ಕೈ ತಣ್ಣಗಾಗುತ್ತದೆ. ಹಾಗೇ ಆಯಿತು.

ಮರುದಿನ ಬೆಳಿಗ್ಗೆ ಗೌಡರ ಜೀಪಿನಲ್ಲಿ ಹೋದೆವು. ಸಮತಟ್ಟಿನಲ್ಲಿ ನಿಲ್ಲಿಸಿ ವೈರು ಬಿಚ್ಚಬೇಕೆಂದು ದಾರಿಯುದ್ದ ಮಾತಾಡಿಕೊಂಡಿದ್ದೆವು. ಗಾಬರಿಯಲ್ಲಿ ಗೌಡರ ಕೈ ತಾನಾಗಿ ಇಳಿಜಾರಿಗೆ ತಿರುಗಿತು. ನಾನು ಇಳಿದು ಚಕ್ರಕ್ಕೆ ಕಲ್ಲನ್ನೂ ಕೊಟ್ಟೆ.

ಮ್ಯಾನೇಜರು ವರಾಂಡದಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು. ಖಾಕಿ ಚಡ್ಡಿಯಿಲ್ಲದೆ ಅವರು ಯಾರೋ ಬೇರೆಯವರಂತೆ ಕಂಡರು. ಪಕ್ಕದಲ್ಲಿ ಸೂಟ್‌ಕೇಸು, ಕಾಲ ಬುಡದಲ್ಲಿ ಮುದಿಯಾಗಿದ್ದ ನಾಯಿ.

"ಬನ್ನಿ" ಎಂದರು. "ಕೂತ್ಕೊಳ್ಳಿ."

ಕೂತೆವು. ಗೌಡರು ಗಂಟಲು ಸರಿಮಾಡಿಕೊಂಡರು. "ನಿನ್ನೆ ತಿಂಗ್ಳ ಪೂಜೆ ಮುಗೀತಲ್ಲ. ಅದ್ಕೇ ಇವತ್ತು ಬಂದ್ವಿ. ಲೆಕ್ಕ ಹಾಕೇ ಬಂದ್ವಿ."

"ಎಂತ ಲೆಕ್ಕ?"

"ನಿಮ್ಮ ಪದ್ಧತಿ ಲೆಕ್ಕ. ಎಲ್ಲಾ ಮುಗಿದ ಮಾರ್ನೇ ದಿನ ಬರೋದು."

ಅವರು ಗೌಡರನ್ನು ನೋಡಿದರು, ನನ್ನನ್ನು ನೋಡಿದರು.

"ನಾನು ಹನ್ನೆರಡನೇ ದಿನ ಬೆಳಿಗ್ಗೆ ಗೇಟಿನ ಹತ್ರ ಕುರ್ಚಿ ಹಾಕಿ ಕೂತಿದ್ದೆ ಮಾರಾಯ್ರೇ" ಎಂದರು. "ನೀವು ಬರ್ತೀರಿ ಅಂತ. ಮಧ್ಯಾಹ್ನ ರೈಟರು ಬಂದು ಯಾರಿಗೆ ಕಾಯುವುದು ಸಾರ್ ಅಂತ ಕೇಳಿದ. ಮರ ನೋಡ್ತಿದ್ದೇನೆ ಅಂದೆ. ಮಾರನೇ ದಿನವೂ ನೋಡಿದೆ. ಆಮೇಲೆ ಕುರ್ಚಿ ಒಳಗೆ ತಂದೆ."

ಗೌಡರ ದೊಡ್ಡ ಮುಖ ಚಿಕ್ಕದಾಯಿತು. "ಅಯ್ಯೋ, ಕೆಡ್ಸ್‌ಬುಟ್ನಲ್ರೀ" ಎಂದು ಹಣೆಗೆ ಹೊಡೆದುಕೊಂಡು, ಮೀಸೆ ಮುಚ್ಚಿಕೊಂಡು, ತಾಯಿ ಸತ್ತಾಗ ಅಳದಿದ್ದ ಮನುಷ್ಯ ಹೋ ಎಂದು ಅತ್ತರು. ಮ್ಯಾನೇಜರು ಗಾಬರಿಯಾಗಿ, "ಗೌಡ್ರೇ, ಗೌಡ್ರೇ, ಎಂತದಿದು" ಎಂದು ಎದ್ದು ಬಂದು ಅವರ ಹೆಗಲು ಹಿಡಿದರು. ನಾವು ಸಂತೈಸಲು ಬಂದವರು. ಸಂತೈಸುವ ಕೆಲಸ ಅವರಿಗೇ ಬಿತ್ತು. ಹಿಡಿದುಕೊಂಡೇ ನಗತೊಡಗಿದರು. "ಇಗರ್ಜಿಯ ಲೆಕ್ಕ ಹಾಕಿ ಬಂದಿದ್ದಾರೆ ಮಾರಾಯ್ರೇ ಇವರು! ತಿಂಗಳ ಪೂಜೆಯ ಲೆಕ್ಕ!" ನಗು ನಿಲ್ಲಲಿಲ್ಲ. ನೋಡನೋಡುತ್ತಿದ್ದ ಹಾಗೆ ಅದರ ಸ್ವರ ಬದಲಾಯಿತು.

ಅಲ್ಲಿ ಜೀಪಿನ ಸದ್ದು ಇರಲಿಲ್ಲ. ನೋಡಲು ರಸ್ತೆಯಿರಲಿಲ್ಲ. ಮುಖಕ್ಕೆ ಮುಖ ಕೊಟ್ಟು ಕೂತು ನಾನು ಕೇಳಿದೆ: "ಅಮ್ಮಾವ್ರಿಗೆ ಸಿಟ್ಟು ಬಂದ್ರೆ ಏನ್ ಮಾಡ್ತಿದ್ರು ಸಾರ್?"

"ಕನ್ನಡ ಮಾತಾಡ್ತಿದ್ದಳು" ಎಂದರು.

ಮನೆಯಲ್ಲಿ ಅವರದು ಕೊಂಕಣಿ. ಆಕೆಗೆ ಸಿಟ್ಟು ಬಂದರೆ ಮಾತ್ರ ಗಂಡನೊಡನೆ ಕನ್ನಡ, ಅದೂ ರೇಡಿಯೋ ವಾರ್ತೆಯ ಕನ್ನಡ. "'ತಾವು ಊಟ ಮಾಡುವುದಿದ್ದರೆ ಮಾಡಬಹುದು.' ಹೀಗೆ. ತಾವು! ಒಮ್ಮೆ ಒಂದು ವಾರ ನಡೀತು. ನಾನು ಸರ್ಕಾರಿ ಕಚೇರಿಯಲ್ಲಿ ಸಂಸಾರ ಮಾಡಿದ ಹಾಗೆ." ಗೌಡರು ಅಳುತ್ತಲೇ ನಕ್ಕರು. ಮ್ಯಾನೇಜರು ಕೈ ಉಜ್ಜಿಕೊಂಡರು, ಉಜ್ಜುತ್ತಲೇ ಇದ್ದರು.

"ಆಸ್ಪತ್ರೆಯಲ್ಲಿ ಕೊನೆಗೆ ನನ್ನ ಹತ್ರ ಕನ್ನಡದಲ್ಲೇ ಮಾತಾಡಿದಳು ಡಾಕ್ಟ್ರೇ. ನರ್ಸುಗಳ ಹತ್ರ ಮಾತಾಡಿ ಅಭ್ಯಾಸ ಆಗಿತ್ತಾ, ಜ್ವರವಾ, ನನ್ನ ಮೇಲೆ ಸಿಟ್ಟಾ, ಗೊತ್ತಾಗ್ಲಿಲ್ಲ. ಕೇಳ್ಲಿಕ್ಕೆ ಹೆದರಿಕೆ ಆಯ್ತು. ಈಗ ಯಾರನ್ನು ಕೇಳುವುದು? ಕೂತಲ್ಲಿ ಅದೇ. ಉಣ್ಲಿಕ್ಕೆ ಕೂತ್ರೂ ಅದೇ."

ಗೊತ್ತಿಲ್ಲ ಎಂದೇ ಹೇಳಿದೆ. ಗೌಡರು ಮುಖ ಒರೆಸಿಕೊಂಡು ಕೇಳಿದರು: "ಕನ್ನಡದಾಗೆ ಏನಂದ್ರು?"

"'ಸ್ವೆಟರ್ ಹಾಕಿಕೊಳ್ಳಿ, ಬೆಳಿಗ್ಗೆ ಚಳಿ ಇದೆ.' ಮಂಗಳೂರಿನಲ್ಲಿ ಎಂತ ಚಳಿ ಮಾರಾಯ್ರೇ?"

"ಸಿಟ್ಟಿರೋರು ಸ್ವೆಟ್ರು ಹಾಕ್ಕೋ ಅಂತಾರೇನ್ರೀ?"

"ಅವಳು ಹೇಳ್ತಾಳೆ. ಸಿಟ್ಟಲ್ಲೇ ಹೇಳ್ತಾಳೆ" ಎಂದರು ಮ್ಯಾನೇಜರು. ಅಷ್ಟು ಹೇಳಿ ಗೌಡರ ಭುಜಕ್ಕೆ ತಲೆ ಕೊಟ್ಟು ಅತ್ತರು. ಗೌಡರು ಒಂದು ಮಗ್ಗುಲು, ನಾನು ಒಂದು ಮಗ್ಗುಲು. ನಾವು ಯಾರೂ ಬೆನ್ನು ತಟ್ಟಲಿಲ್ಲ. ಸಮಾಧಾನ ಮಾಡ್ಕೊಳ್ಳಿ ಎನ್ನಲಿಲ್ಲ. ಒಳಗಿಂದ ಮಗಳು ಬಾಗಿಲಿಗೆ ಬಂದವಳು, ತಂದೆಯನ್ನು ನೋಡಿ, ಚೌಕಟ್ಟು ಹಿಡಿದು ಅಲ್ಲೇ ನಿಂತಳು.

ಕಾರು ಬಂತು. ಡ್ರೈವರು ಹಾರ್ನ್ ಹೊಡೆದ. ಮಗಳು ಮೆಲ್ಲಗೆ ಕೊಂಕಣಿಯಲ್ಲಿ ಏನೋ ಕೇಳಿದಳು. ಅವರು ಮುಖ ಎತ್ತದೆ ಉತ್ತರ ಕೊಟ್ಟರು. ನನಗೆ ಅರ್ಥವಾದದ್ದು "ನಾಕಾ" ಎಂಬುದೊಂದೇ. ಬೇಡ ಎಂದು. ತಿಂಗಳಿನಿಂದ ಎಲ್ಲದಕ್ಕೂ ಸರಿ ಎನ್ನುತ್ತಿದ್ದವರು. ಮಗಳು ಕಣ್ಣೊರೆಸಿಕೊಂಡು, ಡ್ರೈವರಿಗೂ ನಮಗೂ ತಿಂಡಿ ಮಾಡಲು ಒಳಗೆ ಹೋದಳು. ಮ್ಯಾನೇಜರು ಮೂರು ಇಡ್ಲಿ ತಿಂದರು. ಗೌಡರು ಎಷ್ಟು ತಿಂದರೆಂದು ನಾನು ಬರೆಯುವುದಿಲ್ಲ.

ಮಗಳು ಮಧ್ಯಾಹ್ನ ಆ ಕಾರಿನಲ್ಲಿ ಒಬ್ಬಳೇ ಮಂಗಳೂರಿಗೆ ಹೋದಳು. ಮ್ಯಾನೇಜರು ಮುಂದಿನ ವಾರ ತೋಟಕ್ಕೆ ಇಳಿದರು. ನಿವೃತ್ತಿಯವರೆಗೂ ಅದೇ ಎಸ್ಟೇಟಿನಲ್ಲಿದ್ದು, ಆಮೇಲೆ ಸಕಲೇಶಪುರದಲ್ಲಿ ಬಾಡಿಗೆ ಮನೆ ಮಾಡಿ, ಕಳೆದ ವರ್ಷ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು.